ಎರಡನೇ ಬೇಸಿನವನನ್ನು ಕೈಬಿಟ್ಟ ಚಳಿಗಾಲ

ಮಾನ್ಯ ಜನರಲ್ ಮ್ಯಾನೇಜರ್ ಅವರೇ,

ಕಳೆದ ನವೆಂಬರ್ ಮೊದಲ ಗುರುವಾರ, ಸಂಜೆ ನಾಲ್ಕು ಗಂಟೆಗೆ, ತಾವು ಎರಡು ವಾಕ್ಯಗಳ ಒಂದು ಪ್ರಕಟಣೆ ಹೊರಡಿಸಿದಿರಿ. ಎಲಾದಿಯೊ ಬ್ರಿತೊನ ಒಪ್ಪಂದವನ್ನು ಹತ್ತನೆಯ ವರ್ಷಕ್ಕೆ ಮುಂದುವರಿಸುತ್ತಿಲ್ಲ ಎಂಬುದು ಮೊದಲನೆಯದು. ಅವನ ಕೊಡುಗೆಗೆ ಬೇಸ್‌ಬಾಲ್ ಕ್ಲಬ್ಬು ಕೃತಜ್ಞವಾಗಿದೆ ಎಂಬುದು ಎರಡನೆಯದು. ಒಂಬತ್ತು ಬೇಸಿಗೆ ನಮ್ಮ ಎರಡನೇ ಬೇಸನ್ನು ಕಾದವನಿಗೆ ಎರಡು ವಾಕ್ಯ. ನಮ್ಮ ಬೀದಿಯಲ್ಲಿ ನಾಯಿ ಕಳೆದುಹೋದರೆ ಇದಕ್ಕಿಂತ ಉದ್ದದ ಚೀಟಿ ಅಂಟಿಸುತ್ತಾರೆ.

ಈ ಪತ್ರವನ್ನು ಪತ್ರಿಕೆಗೆ ಕೊಡಲು ಕಾರಣವಿದೆ. ತಮ್ಮ ಕಚೇರಿಗೆ ಬರೆದ ಮೂರು ಪತ್ರಗಳಿಗೂ ಒಂದೇ ಉತ್ತರ ಬಂತು: ಮುಂದಿನ ಋತುವಿನ ಟಿಕೆಟ್ ಬೇಗ ಕೊಂಡರೆ ರಿಯಾಯಿತಿ ಇದೆಯಂತೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಮ್ಮ ಲೆಕ್ಕ ತಪ್ಪಲ್ಲ. ತಾವು ಬರುವ ಮೊದಲು ನಾವು ವರ್ಷಕ್ಕೆ ತೊಂಬತ್ತು ಆಟ ಸೋಲುತ್ತಿದ್ದೆವು, ಹೋದ ವರ್ಷ ಎಂಬತ್ತೆಂಟು ಗೆದ್ದೆವು. ನಾನು ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದವಳು. ನಿವೃತ್ತಿಯಾದ ಮೇಲೆ ಹಠ ಹಿಡಿದು ತಮ್ಮ ಹೊಸ ಗಣಿತವನ್ನೆಲ್ಲ ಕಲಿತೆ. ಮೂವತ್ತೆರಡು ದಾಟಿದವನ ಕಾಲು ಎಷ್ಟು ಬೇಗ ಇಳಿಮುಖವಾಗುತ್ತದೆ, ಅವನಿಗೆ ಕೊಡುವ ಡಾಲರಿನಲ್ಲಿ ಎಷ್ಟು ಗೆಲುವು ಸಿಗುತ್ತದೆ, ಎಲ್ಲ ಬಾಯಿಪಾಠ. ಆದ್ದರಿಂದ ಭಾವುಕ ಮುದುಕಿಯೊಬ್ಬಳ ಗೋಳು ಎಂದು ಪುಟ ಮಗುಚಬೇಡಿ. ಬ್ರಿತೊನನ್ನು ಬಿಡಬೇಕೆಂದು ವಾದಿಸಿದವರಲ್ಲಿ ನಾನೂ ಒಬ್ಬಳು. ನನ್ನ ಕಷ್ಟ ಇರುವುದೇ ಅಲ್ಲಿ.

ನನ್ನದು ಕೊಸಿಯುಸ್ಕೊ ಬೀದಿಯಲ್ಲಿ ಎರಡು ಅಂತಸ್ತಿನ ಮರದ ಮನೆ. ಕೆಳಗೆ ನಾನು, ಮೇಲೆ ಇಪ್ಪತ್ತೆರಡು ವರ್ಷದಿಂದ ವೆಂಡೆಲ್ ಸ್ಟ್ರಾಕಾ. ಅವರು ಎರಕದ ಕಾರ್ಖಾನೆಗೆ ಮರದ ಅಚ್ಚು ಮಾಡಿಕೊಡುತ್ತಿದ್ದವರು. ಹೆಂಡತಿ ಬಿಟ್ಟುಹೋಗಿದ್ದಳು, ನನ್ನ ಗಂಡ ತೀರಿಕೊಂಡಿದ್ದ. ಜನ ಏನೇನೋ ಅಂದುಕೊಂಡರು. ಅಂಥದ್ದೇನೂ ಇರಲಿಲ್ಲ. ನಮ್ಮ ನಡುವೆ ಇದ್ದದ್ದು ಬೇಸ್‌ಬಾಲ್. ಬೇಸಿಗೆಯಲ್ಲಿ ಇಬ್ಬರ ರೇಡಿಯೋದಲ್ಲೂ ಒಂದೇ ಆಟ. ನಮ್ಮವರು ಹೊಡೆದರೆ ಅವರು ಮೇಲೆ ನೆಲ ಕುಟ್ಟುತ್ತಿದ್ದರು, ನಾನು ಕೆಳಗಿನಿಂದ ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದೆ. ವರ್ಷಗಟ್ಟಲೆ ನಮ್ಮ ಸಂಭಾಷಣೆಯ ಬಹುಪಾಲು ಅದೇ.

ಆದರೆ ಮಾತೆಂಬ ಮಾತು ನಡೆಯುತ್ತಿದ್ದುದು ಚಳಿಗಾಲದಲ್ಲಿ. ಸರೋವರದ ಮೇಲಿಂದ ಗಾಳಿ ಬೀಸಿ ಬೀದಿಯಲ್ಲಿ ಮನುಷ್ಯರೇ ಕಾಣದ ದಿನಗಳಲ್ಲಿ, ಭಾನುವಾರ ಚರ್ಚು ಮುಗಿಸಿ ಬಂದು ನಾನು ಕಾಫಿಗೆ ಇಡುವಷ್ಟರಲ್ಲಿ ವೆಂಡೆಲ್ ಕೆಳಗಿಳಿದು ಬರುತ್ತಿದ್ದರು. ಕೈಯಲ್ಲಿ ನಲವತ್ತು ರಟ್ಟಿನ ಚೀಟಿ. ತಂಡದ ಪಟ್ಟಿಯಲ್ಲಿರುವ ನಲವತ್ತು ಜನರ ಹೆಸರು, ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಬಡಗಿಯ ಪೆನ್ಸಿಲಿನಲ್ಲಿ ಬರೆದದ್ದು. ಅವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮಾರಬೇಕು, ಯಾರ ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಎಂದು ಕತ್ತಲಾಗುವ ತನಕ ಜಗಳವಾಡುತ್ತಿದ್ದೆವು. ತಮಗಿಂತ ಮೊದಲಿದ್ದ ಇಬ್ಬರು ಜನರಲ್ ಮ್ಯಾನೇಜರುಗಳನ್ನು ನಾವು ಆ ಮೇಜಿನ ಮೇಲೇ ಕೆಲಸದಿಂದ ತೆಗೆದಿದ್ದೇವೆ.

ತಾವು ಬಂದ ಮೇಲೆ ಆ ಚೀಟಿಗಳಿಗೆ ಏನಾಯಿತು ಗೊತ್ತೇ? ಮೂರು ವರ್ಷದಲ್ಲಿ ನಲವತ್ತರಲ್ಲಿ ಮೂವತ್ತೊಂಬತ್ತು ಬದಲಾದವು. ಏಪ್ರಿಲಿನಲ್ಲಿ ಬಂದವನು ಜುಲೈಗೆ ಹೊರಟ. ಮುಂದಿನ ವರ್ಷದ ಆಸೆ ತೋರಿಸಿ ಈ ವರ್ಷದವನನ್ನು ಮಾರಿದಿರಿ, ಮುಂದಿನ ವರ್ಷ ಬಂದಾಗ ಅದರ ಮುಂದಿನದನ್ನು ತೋರಿಸಿದಿರಿ. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಆ ಅಪ್ಪಟ ಪ್ರತಿಭೆ, ರೊಲ್ಯಾಂಡ್ ಟೀಗ್, ಋತುವಿನ ಮೊದಲ ದಿನ ‘ಇನ್ನೂ ಪಳಗಿಲ್ಲ’ ಎಂದು ಕೆಳದರ್ಜೆಯ ತಂಡದಲ್ಲೇ ಉಳಿದ. ಮೂರು ವಾರ ಕಳೆಯಿತು. ಅವನು ಇನ್ನೊಂದು ವರ್ಷ ಹೆಚ್ಚಿಗೆ ಕ್ಲಬ್ಬಿನ ಕೈಯಲ್ಲೇ ಇರುವಂತೆ ನಿಯಮದ ದಿನಗಣನೆ ಮುಗಿದ ಮಾರನೆಯ ಬೆಳಿಗ್ಗೆಯೇ ಪವಾಡದಂತೆ ಪಳಗಿಬಿಟ್ಟ! ರಾತ್ರೋರಾತ್ರಿ ಅವನಿಗೆ ಏನು ಕಲಿಸಿದಿರಿ ಸ್ವಾಮಿ?

ವೆಂಡೆಲ್ ಒಂದು ದಿನ ಪೆನ್ಸಿಲ್ ಕೆಳಗಿಟ್ಟು ಹೇಳಿದರು: "ಹೆಸರು ಬರೆದು ಮುಗಿಸೋದ್ರೊಳಗೆ ಹೋಗಿರ್ತಾರಲ್ರೀ. ಇವರೇನು ಆಟಗಾರರೋ, ಬಸ್‌ಸ್ಟಾಪಲ್ಲಿ ನಿಂತಿರೋರೋ?"

ಉಳಿದವನು ಬ್ರಿತೊ ಒಬ್ಬ. ಅವನ ಚೀಟಿಯ ಅಂಚು ಸವೆದು ಬಟ್ಟೆಯಂತಾಗಿತ್ತು. ಅವನೇನು ದೊಡ್ಡ ತಾರೆಯಲ್ಲ. ಎಲ್ಲ ಆಟಗಾರರೂ ಬೆಚ್ಚಗಿನ ಊರುಗಳಿಗೆ ಹಾರುವಾಗ ಅವನು ಮಾತ್ರ ಚಳಿಗಾಲವನ್ನೂ ಇಲ್ಲೇ ಕಳೆಯುತ್ತಿದ್ದ. ಬಿಸಿಲಿನ ದೊಮಿನಿಕನ್ ದೇಶದವನು ಮೂರು ಕೋಟು ಒಂದರ ಮೇಲೊಂದು ತೊಟ್ಟು ಮಾರುಕಟ್ಟೆಯಲ್ಲಿ ಆಲೂಗಡ್ಡೆ ಆರಿಸುವುದನ್ನು ನಾವಿಬ್ಬರೂ ಕಂಡಿದ್ದೇವೆ. ವೆಂಡೆಲ್ ಹತ್ತಿರ ಹೋಗಿ ಮಾತಾಡಿಸಲಿಲ್ಲ. "ಪಾಪ, ಸಾಮಾನು ತಗೊಳ್ಳೋಕೆ ಬಂದಿದಾನೆ, ಬಿಡಿ" ಅಂದರು. ಆಮೇಲೆ ಇಡೀ ವಾರ ಅದೇ ಮಾತು.

ತಮ್ಮ ಪ್ರಕಟಣೆ ಬಂದದ್ದರ ಮುಂದಿನ ಭಾನುವಾರ ವೆಂಡೆಲ್ ಎಂದಿನಂತೆ ಕೆಳಗಿಳಿದು ಬಂದರು. ಚೀಟಿಗಳನ್ನು ಹರಡಿದರು. ಎರಡನೇ ಬೇಸಿನ ಜಾಗದಲ್ಲಿ ಬ್ರಿತೊನೇ ಇದ್ದ. ನಾನು ಅದನ್ನು ತೆಗೆಯಲು ಕೈ ಚಾಚಿದೆ.

"ಅದನ್ನ ಅಲ್ಲೇ ಬಿಡಿ, ಬರ್ನಡೀನ್."

"ಅವನು ಪಟ್ಟೀಲಿಲ್ಲ ವೆಂಡೆಲ್. ಗುರುವಾರವೇ ತೆಗೆದ್ರಲ್ಲ."

"ನನ್ನ ಪಟ್ಟೀಲಿದ್ದಾನೆ."

"ಮೂವತ್ನಾಲ್ಕು ಕಣ್ರೀ ಅವನಿಗೆ. ಬಲಗಡೆ ಬಂದ ಚೆಂಡಿಗೆ ಎರಡು ಹೆಜ್ಜೆ ತಡ. ಬ್ಯಾಟು ತಿರುಗೋದ್ರೊಳಗೆ ಚೆಂಡು ಕ್ಯಾಚರ್ ಕೈಲಿರುತ್ತೆ. ಅವನಿಗೆ ಕೊಡೋ ದುಡ್ಡಲ್ಲಿ ಇಬ್ಬರು ಬರ್ತಾರೆ."

"ಯಾರು ಆ ಇಬ್ಬರು?"

"ಯಾರೋ ಬರ್ತಾರೆ, ಬಿಡಿ."

"ಯಾರೋ," ಅಂದರು ವೆಂಡೆಲ್. ಆ ಚೀಟಿಯ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಕೇಳಿದರು: "ನನಗೆ ಎಪ್ಪತ್ನಾಲ್ಕು. ನನ್ನ ಲೆಕ್ಕ ಏನು ಹೇಳುತ್ತೆ?"

ನಾನು ನಕ್ಕೆ. ತಮಾಷೆ ಎಂದುಕೊಂಡೇ ಅಂದೆ: "ಬಾಡಿಗೆ ಸರಿಯಾಗಿ ಕೊಡ್ತಿದೀರ. ಇನ್ನೊಂದು ವರ್ಷ ಇಟ್ಕೋತೀನಿ. ಆಮೇಲೆ ನೋಡೋಣ."

ಅವರೂ ನಕ್ಕರು. ಚೀಟಿಗಳನ್ನು ಒಂದೊಂದಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದರು. ಕಾಫಿ ಅರ್ಧ ಉಳಿದಿತ್ತು, ಅವರು ಎಂದೂ ಉಳಿಸಿದವರಲ್ಲ. ಮುಂದಿನ ಭಾನುವಾರ ಇಳಿದು ಬಂದು, ಫೀನಿಕ್ಸ್ ಪಕ್ಕದಲ್ಲಿರುವ ತಂಗಿಯ ಮಗಳು ವರ್ಷ ವರ್ಷವೂ ಕರೆಯುತ್ತಿದ್ದಾಳೆ, ಈ ಸಲ ಹೋಗಿಬಿಡೋಣ ಅಂತಿದ್ದೇನೆ ಎಂದರು. ಚೀಟಿಗಳನ್ನು ತಂದಿರಲಿಲ್ಲ.

ಡಿಸೆಂಬರ್ ಹದಿನೈದಕ್ಕೆ ವ್ಯಾನು ಬಂತು. ಇಪ್ಪತ್ತೆರಡು ವರ್ಷದ ಸಂಸಾರ ಹನ್ನೊಂದು ಪೆಟ್ಟಿಗೆಯಲ್ಲಿ ಹಿಡಿಯಿತು. ನಾನು ಆಲೂಗಡ್ಡೆ ಹೂರಣದ ಪಿಯೆರೋಗಿ ಕಡುಬು ಮಾಡಿ ಡಬ್ಬಿ ತುಂಬಿಸಿ ಕೊಟ್ಟೆ. ಹಿಮದಲ್ಲಿ ನಿಂತು ಕೇಳಿದೆ: "ಏಪ್ರಿಲಲ್ಲಿ ಮೊದಲ ಆಟಕ್ಕೆ ಬರ್ತೀರಲ್ಲ?"

"ನೋಡೋಣ. ಬಂದರೂ ಯಾರನ್ನ ನೋಡೋಕೆ ಬರ್ಲಿ ಹೇಳಿ?"

‘ನನ್ನನ್ನ’ ಎನ್ನಬೇಕಿತ್ತು. ಅಷ್ಟು ಹೇಳಲು ಅರವತ್ತೆಂಟು ವರ್ಷದವಳಿಗೆ ಏನು ಧಾಡಿ? ನಾನು ಹೇಳಿದ್ದು: "ಹೊಸ ಎಡಗೈ ಪಿಚರ್ ಚೆನ್ನಾಗಿ ಎಸೀತಾನಂತೆ."

"ಓ, ಹೌದಾ?" ಅಂದರು ವೆಂಡೆಲ್. ವ್ಯಾನಿನ ಬಾಗಿಲು ಹಾಕಿಕೊಂಡರು.

ಜನವರಿಯಲ್ಲಿ ಕ್ಲಬ್ಬಿನವರು ಅಭಿಮಾನಿಗಳ ದಿನ ಮಾಡಿದಾಗ ನಾನೂ ಬಂದಿದ್ದೆ. ತಮಗೆ ನೆನಪಿರಲಾರದು. ಎರಡನೇ ಸಾಲಿನ ಮೈಕಿನ ಮುಂದೆ ನೀಲಿ ಕೋಟಿನವಳು. ಒಬ್ಬ ಆಟಗಾರನಾದರೂ ಹತ್ತು ವರ್ಷ ಇಲ್ಲಿ ಇರುತ್ತಾನೆಂದು ನಾವು ನಂಬಬಹುದೇ ಎಂದು ಕೇಳಿದೆ. ತಾವು ಮುಗುಳ್ನಕ್ಕು, "ನಾವು ಹೆಸರುಗಳನ್ನು ಕೊಳ್ಳುವುದಿಲ್ಲ ಮೇಡಂ, ಗೆಲುವುಗಳನ್ನು ಕೊಳ್ಳುತ್ತೇವೆ" ಅಂದಿರಿ. ಸಭೆ ಚಪ್ಪಾಳೆ ತಟ್ಟಿತು. ಒಂದು ವರ್ಷದ ಹಿಂದಾಗಿದ್ದರೆ ನಾನೂ ತಟ್ಟುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ಮನಸ್ಸು ಅಭ್ಯಾಸಬಲದಿಂದ ತಮ್ಮ ಮಾತನ್ನು ಮನೆಗೆ ಹೋಗಿ ವೆಂಡೆಲ್‌ಗೆ ಹೇಗೆ ಅಣಕಿಸಿ ತೋರಿಸಬೇಕೆಂದು ಸಿದ್ಧಮಾಡಿಕೊಳ್ಳುತ್ತಿತ್ತು. ಬಾಗಿಲು ತೆಗೆದ ಮೇಲೆ ನೆನಪಾಯಿತು.

ಆ ಗೆಲುವುಗಳ ಬಗ್ಗೆ ಒಂದು ಮಾತು. ಎಂಬತ್ತೆಂಟು ಗೆಲುವನ್ನು ನಾನು ಯಾರೊಂದಿಗೆ ಹಂಚಿಕೊಳ್ಳಲಿ? ಗೆಲುವು ಆಟ ಮುಗಿದ ಅರ್ಧ ಗಂಟೆ ಇರುತ್ತದೆ. ಚಳಿಗಾಲ ಐದು ತಿಂಗಳು ಇರುತ್ತದೆ. ಐದು ತಿಂಗಳು ಮಾತಾಡಿಕೊಳ್ಳಲು ಬೇಕಾಗುವುದು ಗುರುತಿನ ಮನುಷ್ಯರು. ಯಾವನ ಮೊಣಕೈ ಯಾವ ವರ್ಷ ನೋಯಿತು, ಯಾವನು ಮಗಳು ಹುಟ್ಟಿದ ದಿನ ಚೆಂಡು ಕೈಚೆಲ್ಲಿದ, ಇಂಥವು. ಊರಿನ ಅರ್ಧ ಜನ ಪಕ್ಕದ ಮನೆಯವರೊಡನೆ ಮಾತಿಗೆ ತೊಡಗುವುದೇ ಈ ದಾರದ ತುದಿ ಹಿಡಿದು. ತಾವು ಒಪ್ಪಂದ ಹರಿದಾಗ ಆ ದಾರವೂ ಹರಿಯುತ್ತದೆ. ತಮ್ಮ ಯಂತ್ರಗಳು ಚೆಂಡು ಎಷ್ಟು ಸುತ್ತು ತಿರುಗಿತೆಂದು ಅಳೆಯುತ್ತವೆ. ಅವುಗಳ ಯಾವ ಕಾಲಮ್ಮಿನಲ್ಲಿ ಇದನ್ನು ತುಂಬುತ್ತೀರಿ?

ಫೆಬ್ರವರಿ ಕೊನೆಯಲ್ಲಿ ವೆಂಡೆಲ್ ಫೋನ್ ಮಾಡಿದರು. ಮಧ್ಯಾಹ್ನ, ನಾನು ಬಟ್ಟೆ ಮಡಿಸುತ್ತಿದ್ದೆ.

"ಯಾರನ್ನ ನೋಡಿದೆ ಹೇಳಿ, ಬರ್ನಡೀನ್."

"ಬ್ರಿತೊ!"

ಅವನಿಗೆ ಬೇರೊಂದು ಕ್ಲಬ್ಬು ಅಭ್ಯಾಸ ಶಿಬಿರಕ್ಕೆ ಮಾತ್ರ ಬಾ, ಚೆನ್ನಾಗಿ ಆಡಿದರೆ ಮುಂದೆ ನೋಡೋಣ ಎಂದಿತ್ತಂತೆ. ಮೈದಾನ ಆ ತಂಗಿಯ ಮಗಳ ಮನೆಯಿಂದ ಇಪ್ಪತ್ತು ನಿಮಿಷದ ದಾರಿ.

"ಎಪ್ಪತ್ತೊಂದನೇ ನಂಬರು ಕೊಟ್ಟಿದಾರೆ. ಹೊಸಬರಿಗೆ ಕೊಡ್ತಾರಲ್ಲ, ಅಂಥದ್ದು. ಬಲಗಡೆ ಒಂದು ಚೆಂಡು ಬಂತು, ಹಿಡೀಲಿಲ್ಲ. ಎರಡು ಹೆಜ್ಜೆ ತಡ. ನೀವು ಹೇಳಿದ್ದೇ ಸರಿ."

"ಹಾಗನ್ಬೇಡಿ ವೆಂಡೆಲ್."

"ಸರಿಯಾಗಿದ್ದನ್ನ ಸರಿ ಅನ್ನೋಕೇನು? ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಅಕ್ಕಪಕ್ಕದೋರು ಹುಚ್ಚ ಅಂದ್ಕೊಂಡ್ರು."

ಈ ಸಲ ಹೇಳಿಬಿಡಬೇಕೆಂದು, ಉಸಿರು ಬಿಡದೆ ಹೇಳಿದೆ: "ಮೇಲಿನ ಮನೇನ ಯಾರಿಗೂ ಕೊಟ್ಟಿಲ್ಲ. ವಾಪಸ್ ಬನ್ನಿ. ಒಂದು ವರ್ಷ ಎರಡು ವರ್ಷ ಅಂತೆಲ್ಲ ಇಲ್ಲ. ಸುಮ್ನೆ ಬನ್ನಿ."

"ಮೊಣಕಾಲು ಮೆಟ್ಟಿಲು ಹತ್ತಲ್ಲ ಬರ್ನಡೀನ್. ಎರಡು ವರ್ಷದಿಂದ ಕಂಬಿ ಹಿಡ್ಕೊಂಡು, ಒಂದೊಂದು ಮೆಟ್ಟಿಲಿಗೂ ನಿಂತು ಹತ್ತುತಾ ಇದ್ದೆ. ನಿಮಗೆ ಗೊತ್ತಾಗಿರುತ್ತೆ ಅಂದ್ಕೊಂಡಿದ್ದೆ."

ಗೊತ್ತಾಗಿರಲಿಲ್ಲ. ಮೈದಾನದಲ್ಲಿ ಬ್ರಿತೊ ಎರಡು ಹೆಜ್ಜೆ ತಡವಾಗುವುದು ಮಾತ್ರ ನನಗೆ ಗೊತ್ತಿತ್ತು.

"ನೀವು ಕೆಳಗಿರಿ. ನಾನು ಮೇಲೆ ಹೋಗ್ತೀನಿ," ಅಂದೆ.

"ಇದನ್ನ ನವೆಂಬರಲ್ಲಿ ಹೇಳಿದ್ದಿದ್ರೆ ಬುತ್ತಿ ಕಟ್ಟೋ ಕೆಲಸ ತಪ್ಪಿರೋದು ನಿಮಗೆ," ಎಂದು ನಕ್ಕರು. "ಇಲ್ಲಿ ಡಾಕ್ಟರು, ಔಷಧಿ, ಎಲ್ಲ ಹೊಂದಿಕೊಂಡಿದೆ. ತಂಗಿ ಮಗಳ ಮಕ್ಕಳೂ ಇದಾರೆ. ಇನ್ನು ಅಲ್ಲಾಡಿಸೋದು ಬೇಡ. ಏಪ್ರಿಲಲ್ಲಿ ಆಟ ಶುರುವಾದಾಗ ಫೋನ್ ಮಾಡಿ, ಆಯ್ತಾ?"

ಆಯ್ತು ಅಂದೆ. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಮಾರ್ಚ್‌ನಲ್ಲಿ ಮೇಲಿನ ಮನೆಗೆ ಒಬ್ಬ ನರ್ಸ್ ಬಂದಿದ್ದಾಳೆ. ಒಳ್ಳೆಯವಳು. ಬೆಕ್ಕಿನಂತೆ ಓಡಾಡುತ್ತಾಳೆ, ಮೇಲೆ ಜನರಿದ್ದಾರೆಂದೇ ತಿಳಿಯುವುದಿಲ್ಲ.

ಇದರಲ್ಲಿ ಕ್ಲಬ್ಬಿನ ತಪ್ಪೇನು ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನೆ ನನ್ನದು, ಬಾಯಿ ನನ್ನದು, ಕುರುಡು ನನ್ನದು. ಆದರೆ ಮನುಷ್ಯರ ಬಗ್ಗೆ ಹಾಗೆ ಮಾತಾಡುವುದನ್ನು ನಾನು ತಮ್ಮಿಂದ ಕಲಿತೆ ಸ್ವಾಮಿ. ತಮ್ಮ ಸಂದರ್ಶನಗಳನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಂಡಿದ್ದವಳು ನಾನು. ಒಂದು ಊರು ತನಗೆ ತಿಳಿಯದೆಯೇ ತನ್ನ ತಂಡದವರಂತೆ ಮಾತಾಡತೊಡಗುತ್ತದೆ. ಅದು ತಮ್ಮ ಹೊಣೆಯಲ್ಲವೇ?

ಆದ್ದರಿಂದ ನನ್ನ ಬೇಡಿಕೆ ಇದು. ರೊಲ್ಯಾಂಡ್ ಟೀಗ್‌ಗೆ ಈಗ ಇಪ್ಪತ್ತಮೂರು. ಅವನ ಜೊತೆ ಉದ್ದದ ಒಪ್ಪಂದ ಮಾಡಿಕೊಳ್ಳಿ, ಹನ್ನೆರಡು ವರ್ಷದ್ದು. ಕೊನೆಯ ಮೂರು ವರ್ಷ ಅವನು ದಂಡವೆಂದು ತಮ್ಮ ಯಂತ್ರ ಹೇಳುತ್ತದೆ. ನನಗೆ ಬೇಕಾಗಿರುವುದೇ ಆ ಮೂರು ವರ್ಷ. ಅವನು ನಮ್ಮ ಕಣ್ಣೆದುರೇ ನಿಧಾನವಾಗಲಿ. ಹಿಡಿಯಬೇಕಾದ ಚೆಂಡುಗಳನ್ನು ಬಿಡಲಿ. ನಾವು ಬೈಯುತ್ತೇವೆ, ಪಕ್ಕದವರ ಕಡೆ ತಿರುಗಿ ಅವನ ಹಳೆಯ ಆಟಗಳನ್ನು ನೆನೆಯುತ್ತೇವೆ, ಆಮೇಲೆ ಒಂದು ಸಂಜೆ ಅವನು ಕೊನೆಯ ಸಲ ಮೈದಾನದಿಂದ ಹೊರಗೆ ನಡೆಯುವಾಗ ಅವನು ಕಣ್ಮರೆಯಾಗುವ ತನಕ ಎಲ್ಲರೂ ನಿಂತಿರುತ್ತೇವೆ. ಒಬ್ಬರನ್ನು ಕಳಿಸಿಕೊಡುವುದು ಹೇಗೆಂದು ಈ ಊರಿಗೆ ಒಮ್ಮೆಯಾದರೂ ಕಲಿಯಲು ಬಿಡಿ.

ಇಂತಿ,
ತಮ್ಮ ಗಣಿತದ ಅತ್ಯಂತ ಶ್ರದ್ಧಾವಂತ ವಿದ್ಯಾರ್ಥಿನಿಯಾಗಿದ್ದ,
ಬರ್ನಡೀನ್ ಪಲೂಖ್
ಕೊಸಿಯುಸ್ಕೊ ಬೀದಿ, ಕೆಳಗಿನ ಮನೆ