ಹನೀಫಾಕನ ಆಂಪ್ಲಿಫೈಯರಿನಲ್ಲಿ ದೋಷವಿರಲಿಲ್ಲ

ಬೆಳುವಾಯಿ,
ಬುಧವಾರ

ಪ್ರೀತಿಯ ಪಪ್ಪನಿಗೆ,

ಬಾಯಲ್ಲಿ ಹೇಳುವುದಾಗಿದ್ದರೆ ತುಳುವಿನಲ್ಲಿ ನಾಲ್ಕು ಮಾತಿಗೆ ಮುಗಿಯುತ್ತಿತ್ತು. ಆ ನಾಲ್ಕು ಮಾತನ್ನು ನಿನ್ನೆ ಫೋನಿನಲ್ಲಿ ಹೇಳದೆ ಹೋದೆ. ಅದಕ್ಕೇ ಕನ್ನಡದಲ್ಲಿ ಬರೆಯಲು ಕುಳಿತಿದ್ದೇನೆ. ಹೆಡ್‌ಮಾಸ್ಟರಿಗೆ ರಜೆಯ ಅರ್ಜಿ ಬರೆದು ರೂಢಿಯಾದ ಭಾಷೆಯಲ್ಲವೇ, ನಾಚಿಕೆಗೆ ಸ್ವಲ್ಪ ಮರೆ ಸಿಗುತ್ತದೆ. ಮಗು ಅತ್ತೆಯ ಮಡಿಲಲ್ಲಿ ಉಂಟು. ಅದು ಏಳುವುದರೊಳಗೆ ಮುಗಿಸಬೇಕು.

ನಿನ್ನೆ ನೀವು ಹೇಳಿದಿರಿ: “ಹನೀಫಾ ಆ ಆಂಪ್ಲಿಫೈಯರನ್ನು ಬಾವಾನ ಮದುವೆ ಹಾಲ್‌ಗೆ ಕೊಟ್ಟುಬಿಡ್ತಾನಂತೆ. ಬರುವ ವಾರ ತೆಗೆದುಕೊಂಡು ಹೋಗ್ತಾರಂತೆ. ಕೊಡಲಿ ಮಾರಾಯ್ತಿ, ಎಡಗಡೆ ಸತ್ತ ಮೆಷಿನ್ ಅಲ್ವಾ. ನೀನೇ ದೋಷ ಹಿಡಿದು ಕೊಟ್ಟದ್ದು.” ಹೇಳುವಾಗ ನಿಮ್ಮ ದನಿಯಲ್ಲಿ ನನ್ನ ಬಗ್ಗೆ ಹೆಮ್ಮೆ ಇತ್ತು. ಆಮೇಲೆ, “ಈಗ ಭಾನುವಾರ ಅವನು ಬರುವುದೇ ಇಲ್ಲ” ಎಂದಿರಿ. ನಾನು ಮಗು ಎದ್ದಿತು ಎಂದು ಹೇಳಿ ಫೋನ್ ಇಟ್ಟೆ. ಮಗು ಎದ್ದಿರಲಿಲ್ಲ.

ಪಪ್ಪಾ, ನಿಮ್ಮ ಜೀವದ ಗೆಳೆಯ ಹನೀಫಾಕನ ಆಂಪ್ಲಿಫೈಯರಿನ ಎಡಗಡೆ ಸತ್ತಿಲ್ಲ. ಸತ್ತದ್ದು ನನ್ನ ಎಡಗಿವಿ. ಹೋದ ತಿಂಗಳು ಮನೆಗೆ ಬಂದಿದ್ದ ಆ ಭಾನುವಾರ ನಿಮ್ಮ ಕೋಣೆಯಲ್ಲಿ ಕುಳಿತಾಗ ನನಗೆ ಅದು ಗೊತ್ತಿತ್ತು.

ಗೊತ್ತಿತ್ತು ಎಂದರೆ, ಗೊತ್ತಾಗಬಾರದು ಎಂದು ನನ್ನಿಂದಲೇ ಮುಚ್ಚಿಟ್ಟುಕೊಂಡಿದ್ದೆ. ಹೆರಿಗೆಯಾಗಿ ತವರಿನಿಂದ ಇಲ್ಲಿಗೆ ಬಂದ ಮೇಲೆ ಫೋನನ್ನು ಬಲಗಿವಿಗೇ ಇಡುವ ಅಭ್ಯಾಸವಾಯಿತು. ಯಾಕೆಂದು ಯೋಚಿಸಲಿಲ್ಲ. ಒಂದು ಮಧ್ಯಾಹ್ನ ಮಗುವಿನ ಪಕ್ಕ ಬಲಕ್ಕೆ ಹೊರಳಿ ಮಲಗಿದ್ದೆ. ಕಣ್ಣು ಬಿಟ್ಟಾಗ ಹರಿಣಾಕ್ಷಿ ಅತ್ತೆ ಮಗುವನ್ನು ಎತ್ತಿಕೊಂಡು ನಿಂತಿದ್ದಾರೆ. ಅತ್ತು ಅತ್ತು ಅದರ ಮುಖ ಕೆಂಪಾಗಿದೆ. “ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ನನಗೆ ಕೇಳ್ತದೆ, ಪಕ್ಕದಲ್ಲಿ ಮಲಗಿದ ನಿನಗೆ ಕೇಳುವುದಿಲ್ವಾ?” ಎಂದರು. ನಿದ್ದೆ ಹತ್ತಿತ್ತು ಎಂದೆ. ಒಳ್ಳೆಯ ಕಿವಿ ದಿಂಬಿನೊಳಗೆ ಹೋಗಿತ್ತು ಎಂದು ಹೇಗೆ ಹೇಳುವುದು? ಅಂದಿನಿಂದ ನನಗೆ ಬಲಕ್ಕೆ ತಿರುಗಲು ಭಯ. ಎಡಕ್ಕೆ ತಿರುಗಿ ಮಲಗಿದರೆ, ನಿದ್ದೆಯಲ್ಲಿ ಹೊರಳಿಬಿಟ್ಟರೆ ಎಂಬ ಭಯ. ಕಣ್ಣಿನ ಸುತ್ತ ಕಪ್ಪಾಗಿದೆ ಎಂದು ಅಮ್ಮ ಖರ್ಜೂರ ಕಳಿಸಿದರಲ್ಲ, ಆ ಕಪ್ಪಿನ ಕಾರಣ ಇಷ್ಟೇ.

ಇದನ್ನು ನಿಮಗೆ ಮೊದಲೇ ಹೇಳಬಹುದಿತ್ತು. ಹೇಳದಿರಲು ಕಾರಣ ನೀವೇ ಎಂದರೆ ಬೇಸರ ಮಾಡಬೇಡಿ. ಬಹರೈನಿನ ಆಡಿಯೋ ಅಂಗಡಿಯಲ್ಲಿ ಅಷ್ಟು ವರ್ಷ ದುಡಿದು ಮೆಲ್ಕಾರಿಗೆ ಮರಳಿದಾಗ ಉಳಿದವರು ಚಿನ್ನ ತಂದರು, ನೀವು ಎರಡು ಸ್ಪೀಕರ್ ತಂದಿರಿ. ಹೈವೇಯ ಹಾರನ್ ಒಳಗೆ ಬಾರದ ಹಾಗೆ ಮಾಳಿಗೆಯ ಕೋಣೆಗೆ ಜೋಡಿ ಬಾಗಿಲು ಇಡಿಸಿದಿರಿ. ಖಾಲಿ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, “ಕೇಳಿತಾ ಮಗಾ, ಗೋಡೆ ವಾಪಸು ಮಾತಾಡ್ತದೆ. ಅದರ ಬಾಯಿ ಮುಚ್ಚಿಸಬೇಕು” ಎಂದಿರಿ. ಅಮ್ಮನ ಕನ್ನಡಿಯನ್ನು ನಾನು ಗೋಡೆಗುಂಟ ಸರಿಸುತ್ತಾ ಹೋಗಬೇಕು, ನೀವು ಸೋಫಾದಲ್ಲಿ ಕುಳಿತು ನೋಡಬೇಕು. ಕನ್ನಡಿಯಲ್ಲಿ ಎಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿಂದಲೇ ಶಬ್ದ ಪುಟಿದು ಬರುವುದು, ಹತ್ತಿ ತುಂಬಿದ ಹಲಗೆಯನ್ನು ಅಲ್ಲಿಗೇ ಹೊಡೆಯಬೇಕು. ಅಮ್ಮ ಕೆಳಗಿನಿಂದ, “ಕೂದಲು ಬಾಚಲಿಕ್ಕೆ ಕನ್ನಡಿ ಇಲ್ಲ, ಗೋಡೆಗೆ ಹಾಸಿಗೆ ಹೊಲಿಸ್ತಾರೆ” ಎಂದು ಬೈಯುತ್ತಿದ್ದರು. ಆ ಕೋಣೆ ತಯಾರಾದ ದಿನ ಕೊಳಲಿನ ರೆಕಾರ್ಡ್ ಹಾಕಿ, ನುಡಿಸುವವರು ಎಲ್ಲಿ ಕುಳಿತಿದ್ದಾರೆ ಎಂದು ಕೇಳಿದಿರಿ. ನಾನು ಎರಡು ಸ್ಪೀಕರುಗಳ ನಡುವಿನ ಖಾಲಿ ಜಾಗಕ್ಕೆ ಬೆರಳು ತೋರಿಸಿದೆ. ನೀವು ಅಮ್ಮನನ್ನು ಕೂಗಿ ಕರೆದು, “ಇವಳ ಕಿವಿ ನೋಡು ಕಿವಿ” ಎಂದಿರಿ. ಅಂದಿನಿಂದ ಯಾವ ಕೇಬಲ್ ಬಂದರೂ, ಯಾವ ಆಂಪ್ಲಿಫೈಯರ್ ಬಂದರೂ ಕೊನೆಯ ಮಾತು ನನ್ನದು. ಡಿಗ್ರಿಯಲ್ಲಿ ರ್‍ಯಾಂಕ್ ಬಂದಾಗಲೂ ನೀವು ನೆಂಟರ ಮುಂದೆ ಹೇಳಿದ್ದು ಕಿವಿಯ ವಿಷಯವನ್ನೇ.

ಆ ಭಾನುವಾರವೂ ಹಾಗೆಯೇ ನನ್ನನ್ನು ಕರೆದು ಸೋಫಾದ ನಡುವೆ ಕೂರಿಸಿದಿರಿ. ಹನೀಫಾಕ ಹೊಸ ವಾಲ್ವ್ ಆಂಪ್ಲಿಫೈಯರನ್ನು ಕಲ್ಲಡ್ಕದಿಂದ ಕಾರಿನ ಸೀಟಿನಲ್ಲಿ ಬೆಲ್ಟ್ ಹಾಕಿ ತಂದಿದ್ದರು. ಅದರ ವಾಲ್ವುಗಳ ಗಾಜಿನ ಬುರುಡೆಗಳು ಒಲೆಯ ಕೆಂಡದ ಹಾಗೆ ಬಣ್ಣ ತಿರುಗುವುದನ್ನು ನೋಡುತ್ತಾ, “ಇದು ಬಿಸಿಯಾಗುವ ತನಕ ಚಾ ಕುಡಿಯುವ. ನಿನ್ನ ಕಬ್ಬಿಣದ ಪೆಟ್ಟಿಗೆಗೆ ಈ ಮರ್ಯಾದೆ ಎಲ್ಲ ಗೊತ್ತಿಲ್ಲ ಶೀನಪ್ಪ” ಎಂದರು. “ನಿನ್ನದರ ಮೇಲೆ ದೋಸೆ ಹೊಯ್ಯಬಹುದು, ಹಾಡು ಕೇಳಲಿಕ್ಕೆ ನನ್ನದೇ ಆಗಬೇಕು” ಎಂದಿರಿ ನೀವು. ಎಷ್ಟು ಖುಷಿಯಲ್ಲಿದ್ದಿರಿ ಇಬ್ಬರೂ. ಎರಡರ ಶಬ್ದವೂ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಜೋರಿನದ್ದೇ ಚಂದ ಅನಿಸುತ್ತದೆ ಎಂದು ಮೀಟರ್ ಹಿಡಿದು ಅಳೆದಿರಿ.

ಹನೀಫಾಕನದು ಮೊದಲು ಹಾಡಿತು. ಕೊಳಲು ನಡುವಿನಲ್ಲಿ ಇರಲಿಲ್ಲ. ಬಲಗಡೆಗೆ ಸರಿದು, ಗೋಡೆಗೆ ಒರಗಿದ ಹಾಗೆ ಕೇಳಿಸಿತು. ನನ್ನ ಮುಖ ಬದಲಾದದ್ದನ್ನು ನೀವು ಹಿಡಿದುಬಿಟ್ಟಿರಿ. “ಏನು ಮಗಾ?” ಎಂದಾಗ, “ಎಡಗಡೆ ಸ್ವಲ್ಪ ಕಡಿಮೆ” ಎಂದು ಬಾಯಿಗೆ ಬಂತು. ಅಲ್ಲಿಯವರೆಗೆ ಸುಳ್ಳಿರಲಿಲ್ಲ. ಹನೀಫಾಕ ತಾವೇ ಬಂದು ಕುಳಿತು ಕೇಳಿ, ನನಗೆ ಸರಿಯೇ ಉಂಟಲ್ಲ ಎಂದರು. ಇರಲಿ, ಕೋಣೆಯದ್ದಾಗಿರಬಹುದು ಎಂದರು. ಇಬ್ಬರೂ ಸೇರಿ ಎಡಗೋಡೆಯ ಹಲಗೆ ಕಳಚಿದಿರಿ, ಕಿಟಕಿಯ ಪರದೆ ಎಳೆದಿರಿ, ನನ್ನನ್ನು ಸೋಫಾ ಸಮೇತ ಮುಂದಕ್ಕೆ ದೂಡಿದಿರಿ. ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದಿರಿ. ಪ್ರತಿ ಸಲವೂ ನಾನು, ಹಾಗೆಯೇ ಉಂಟು ಎಂದೆ. ಕೊನೆಗೆ ಎಲ್ಲವನ್ನೂ ಮೊದಲಿನಂತೆ ಇಟ್ಟು, ಹನೀಫಾಕನದನ್ನು ತೆಗೆದು ನಿಮ್ಮ ಆಂಪ್ಲಿಫೈಯರ್ ಜೋಡಿಸಿದಿರಿ.

ಕೊಳಲು ಬಲಗಡೆಯಲ್ಲೇ ಇತ್ತು ಪಪ್ಪಾ. ಒಂದು ಗೇಣೂ ಸರಿದಿರಲಿಲ್ಲ.

ಅದೇ ಸ್ಪೀಕರ್, ಅದೇ ಕೋಣೆ, ಈಗ ಆಂಪ್ಲಿಫೈಯರೂ ಬೇರೆ. ಈಗಲೂ ಕಡಿಮೆ ಎಂದರೆ ಉಳಿಯುವುದು ಸೋಫಾದ ಮೇಲೆ ಕುಳಿತ ನಾನೊಬ್ಬಳೇ. ನೀವು ನಿಮ್ಮ ಕಿವಿಗಿಂತ ನನ್ನ ಕಿವಿಯನ್ನೇ ನಂಬಿ ಎಲ್ಲವನ್ನೂ ಬದಲಿಸಿ ನೋಡಿದಿರಿ, ನನ್ನ ಮೇಲೆ ಮಾತ್ರ ಸಂಶಯ ಪಡಲಿಲ್ಲ. ಆ ನಂಬಿಕೆಯನ್ನೇ ಹಿಡಿದುಕೊಂಡು, “ಈಗ ಸರಿ ಉಂಟು” ಎಂದೆ.

ನೀವು ತೊಡೆ ತಟ್ಟಿ ನಕ್ಕಿರಿ. “ನಿನ್ನ ಮೆಷಿನಿಗೆ ಒಂದು ಕಿವಿ ಕೆಪ್ಪು ಮಾರಾಯ. ಯಾರೋ ನಿನಗೆ ಟೋಪಿ ಹಾಕಿದ್ದಾರೆ.” ಹನೀಫಾಕ ನಗಲು ನೋಡಿದರು. “ಮಗಳಿಗೆ ನಿದ್ದೆ ಇಲ್ಲ ಶೀನಪ್ಪ, ಇನ್ನೊಮ್ಮೆ ಸಾವಕಾಶದಲ್ಲಿ ಕೇಳುವ” ಎಂದರು. ನೀವು, “ಅವಳ ಕಿವಿ ತಪ್ಪುವುದಿಲ್ಲ. ಬೇಕಾದರೆ ನಿನ್ನದನ್ನು ಡಾಕ್ಟರಿಗೆ ತೋರಿಸು” ಎಂದಿರಿ. ಅವರು ಬುರುಡೆಗಳು ತಣಿಯುವ ತನಕ ಪಕ್ಕದಲ್ಲೇ ಕುಳಿತಿದ್ದು, ಒಂದೊಂದನ್ನೇ ಬಟ್ಟೆಯಲ್ಲಿ ಸುತ್ತಿದರು. ಹೊರಡುವಾಗ ಮಗುವಿನ ಕೆನ್ನೆ ಮುಟ್ಟಿ, “ತಾಯಿಯನ್ನು ಸ್ವಲ್ಪ ಮಲಗಲಿಕ್ಕೆ ಬಿಡು ಆಯ್ತಾ” ಎಂದರು. ಬಹರೈನಿನಲ್ಲಿ ನಿಮಗೆ ಕಾಮಾಲೆಯಾದಾಗ ಗಂಜಿ ಬೇಯಿಸಿ ಕೊಟ್ಟವರು ಅವರು. ನಾನು ಬಾಗಿಲಿನ ತನಕವೂ ಹೋಗಲಿಲ್ಲ. ಮಗುವಿಗೆ ಹಾಲು ಕೊಡುವ ನೆಪ ಮಾಡಿ ಒಳಗೆ ಕುಳಿತೆ.

ಮೊನ್ನೆ ಸೋಮವಾರ ನಿಮ್ಮ ಅಳಿಯ ಸಂದೇಶರಿಗೆ ಎಲ್ಲ ಹೇಳಿದೆ. ಅವರು ರಜೆ ಹಾಕಿ ಮಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿಯ ಪರೀಕ್ಷೆಯ ಕೋಣೆಯ ಗೋಡೆಗೂ ನಿಮ್ಮ ಕೋಣೆಯ ಹಾಗೆಯೇ ಮೆತ್ತೆ ಹೊಡೆದಿದ್ದಾರೆ. ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಬಟನ್ ಒತ್ತಬೇಕು. ಬಲಗಿವಿಗೆ ಸರಸರ ಒತ್ತಿದೆ. ಎಡಗಿವಿಗೆ ಬಂದಾಗ ಗಾಜಿನ ಆಚೆ ಹುಡುಗಿ ಕಾಯುತ್ತಿದ್ದಳು, ನಾನೂ ಕಾಯುತ್ತಿದ್ದೆ. ಕೇಳದಿದ್ದರೂ ಒತ್ತಿಬಿಡಲೇ ಎಂದು ಬೆರಳು ಎದ್ದಿತು. ಎಂಥ ಮನುಷ್ಯಳಾಗಿದ್ದೇನೆ ನೋಡಿ. ಒತ್ತಲಿಲ್ಲ.

ಕಿವಿಯ ಒಳಗಿನ ಒಂದು ಸಣ್ಣ ಎಲುಬು ಅಲುಗಾಡದೆ ಗಟ್ಟಿಯಾಗುತ್ತಿದೆಯಂತೆ. ಕೆಲವರಿಗೆ ಬಸುರಿಯಾದಾಗ, ಹೆರಿಗೆಯಾದ ಮೇಲೆ ಹೆಚ್ಚಾಗುತ್ತದಂತೆ. ಆಪರೇಷನ್ ಉಂಟು, ಅಲ್ಲಿಯವರೆಗೆ ಕಿವಿಗೆ ಮೆಷಿನ್ ಇಡಬಹುದು ಎಂದರು ಡಾಕ್ಟರಮ್ಮ. ಬಲಗಿವಿಯನ್ನೂ ಆಗಾಗ ನೋಡುತ್ತಿರಬೇಕಂತೆ. ಆಮೇಲೆ, “ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಉಂಟಾ?” ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದವಳಿಗೆ ವೇಣೂರಿನ ಕಾಂತಿ ಮಾಮಿ ಕಣ್ಣ ಮುಂದೆ ಬಂದರು. ನಿಮ್ಮ ಅಕ್ಕ. ಎರಡನೇ ಬಾಣಂತನದ ನಂತರ ಅವರಿಗೆ ಮಾತು ಕೇಳದಾಯಿತು ಎಂದು ಅಜ್ಜಿ ಹೇಳುತ್ತಿದ್ದರಲ್ಲ, ತಲೆಗೆ ತಣ್ಣೀರು ಹೊಯ್ದುಕೊಂಡಳು, ಹೇಳಿದ್ದು ಕೇಳಲಿಲ್ಲ ಎಂದು ಅವರನ್ನೇ ಬೈಯುತ್ತಿದ್ದರಲ್ಲ. ನಾವು ಮಕ್ಕಳೆಲ್ಲ ಮಾಮಿಯ ಎದುರು ನಿಂತು ಶಬ್ದ ಮಾಡದೆ ಬರೀ ತುಟಿ ಆಡಿಸುತ್ತಿದ್ದೆವು. ಅವರು ಏನೋ ಅರ್ಥವಾದವರಂತೆ ಹೌದು ಹೌದು ಎಂದು ತಲೆ ಆಡಿಸಿದರೆ ಬಿದ್ದು ಬಿದ್ದು ನಗುತ್ತಿದ್ದೆವು. ಅಕ್ಕನಿಗೊಂದು ಆಂಪ್ಲಿಫೈಯರ್ ಕಟ್ಟಬೇಕು ಎಂದು ನೀವೂ ನಗುತ್ತಿದ್ದಿರಿ. ಅವರು ಅರ್ಥವಾಗದೆಯೂ ಯಾಕೆ ತಲೆ ಆಡಿಸುತ್ತಿದ್ದರು ಎಂದು ನನಗೆ ಈಗ ಗೊತ್ತು. ಅವರನ್ನೂ ಒಮ್ಮೆ ಇದೇ ಡಾಕ್ಟರಿಗೆ ತೋರಿಸುವ. ವಯಸ್ಸಾಯಿತು, ಇನ್ನು ಯಾಕೆ ಎನ್ನಬೇಡಿ.

ನಾಳೆ ಬೆಳಿಗ್ಗೆ ಕಲ್ಲಡ್ಕಕ್ಕೆ ಹೋಗುತ್ತೇನೆ. ಸಂದೇಶ್ ಜೊತೆಗೆ ಬರುತ್ತಾರೆ, ಆದರೆ ಮಾತು ನಾನೇ ಆಡುತ್ತೇನೆ. ಹನೀಫಾಕ ನನ್ನ ಮೇಲೆ ಸಿಟ್ಟು ಮಾಡುವವರಲ್ಲ, ಕುಳಿತುಕೋ ಮಗಾ ಎಂದು ಕುರ್ಚಿ ಎಳೆದು ಕೊಡುತ್ತಾರೆ. ಆ ಕುರ್ಚಿಯಲ್ಲಿ ಕೂರುವುದಿಲ್ಲ, ನಿಂತೇ ಹೇಳುತ್ತೇನೆ. ಅವರು ಆ ಆಂಪ್ಲಿಫೈಯರನ್ನು ಕೊಡದೆ ಇಟ್ಟುಕೊಂಡರೆ ಸಾಕು. ಎರಡರಲ್ಲಿ ಯಾವುದು ಮೇಲು ಎಂದು ನನಗೆ ಗೊತ್ತಿಲ್ಲ. ಇನ್ನು ಅದನ್ನು ನೀವಿಬ್ಬರೇ ಕುಳಿತು, ನಿಮ್ಮ ನಿಮ್ಮ ಕಿವಿಯಲ್ಲಿ ಕೇಳಿ, ಜಗಳವಾಡಿ ತೀರ್ಮಾನಿಸಿಕೊಳ್ಳಬೇಕು.

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಅವರು ಎದುರು ಸಿಕ್ಕಿದಾಗ, ಪಾಪ, ಬಾಣಂತಿ, ನಿದ್ದೆಗೆಟ್ಟು ತಪ್ಪು ಹೇಳಿದಳು ಎಂದು ನನ್ನನ್ನು ಕಾಪಾಡಲು ಹೋಗಬೇಡಿ. ನೀವು ಹಾಗೆ ಹೇಳುವವರು ಎಂದು ನನಗೆ ಗೊತ್ತು. ಅವಳಿಗೆ ಕೇಳುತ್ತಿರಲಿಲ್ಲ, ಕೇಳಿತು ಎಂದು ಸುಳ್ಳು ಹೇಳಿದಳು ಎಂದೇ ಹೇಳಿ. ಅಷ್ಟನ್ನು ನನ್ನ ಪಪ್ಪನ ಬಾಯಿಂದ ಕೇಳಿದರೆ ಅವರು ಮತ್ತೆ ನಿಮ್ಮ ಮೆಟ್ಟಿಲು ಹತ್ತಿಯಾರು.

ಇಬ್ಬರು ಗೆಳೆಯರೂ ನೂರು ಕಾಲ ಚೆನ್ನಾಗಿ ಬಾಳಲಿ ಎಂದು ಬೇಡುವ, ನಿಮ್ಮ ಆಶೀರ್ವಾದ ಕೇಳಲು ಇವತ್ತು ಮುಖವಿಲ್ಲದ

ನಿಮ್ಮ ಮಗಳು
ಸುರಕ್ಷಾ