ಮೂರು ಪಾಳಿಯ ಊರು

ಬೆಲ್ಡನ್ ಮಿಲ್ಸ್, ಓಹಾಯೊ
೯ ಅಕ್ಟೋಬರ್ ೧೯೫೦

ಮುದ್ದಿನ ಎಮೆಟ್,

ನಿನ್ನ ಕೆಮ್ಮು ಹೇಗಿದೆ? ಬೂಟು ಕಚ್ಚಿ ಕಾಲೆಲ್ಲ ಬೊಬ್ಬೆ ಎಂದು ನೀನು ಬರೆದಿದ್ದೆ. ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ, ಪಕ್ಕದ ಹಾಸಿಗೆಯವನಿಗೆ ಕೊಟ್ಟು ದೊಡ್ಡಮನುಷ್ಯನಾಗಬೇಡ. ಕೊರಿಯಾಕ್ಕೆ ಯಾವಾಗ ಹೊರಡಿಸುತ್ತಾರೆಂದು ಇನ್ನೂ ಹೇಳಿಲ್ಲ ತಾನೆ? ಹೇಳಿದರೆ ಫೋನು ಮಾಡು, ತಂತಿ ಮಾತ್ರ ಬೇಡ. ಅಣ್ಣ ಯುದ್ಧದಲ್ಲಿ ಸತ್ತ ಮನೆಯಲ್ಲಿ ಉಳಿದ ಒಬ್ಬನೇ ಮಗ ನೀನು, ಕಾನೂನೇ ನಿನ್ನನ್ನು ಸೈನ್ಯದಿಂದ ಬಿಟ್ಟಿತ್ತು. ನೀನಾಗಿಯೇ, ಆ ರಿಯಾಯಿತಿ ಬೇಡ ಎಂದು ಬರೆದುಕೊಟ್ಟು ಹೋದೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ ಮಗಾ.

ಇಲ್ಲಿ ಊರಿಗೆ ಹಬ್ಬದ ಕಳೆ ಬಂದಿದೆ. ಕಾರ್ಖಾನೆಯಲ್ಲಿ ಒಲೆ ಮಾಡುವುದನ್ನು ನಿಲ್ಲಿಸಿ ಮತ್ತೆ ತೋಪಿನ ಗುಂಡು ಮಾಡುತ್ತಿದ್ದಾರೆ, ಅದೂ ಮೂರು ಪಾಳಿ. ನಲವತ್ತೈದರಲ್ಲಿ ಯುದ್ಧ ಮುಗಿದಾಗ, ಗಂಡಸರು ಬಂದರು, ಇನ್ನು ನೀವು ಅಡುಗೆ ನೋಡಿಕೊಳ್ಳಿ ಎಂದು ನಮ್ಮನ್ನೆಲ್ಲ ಒಂದೇ ಶುಕ್ರವಾರ ಮನೆಗಟ್ಟಿದ ಆ ಮೇಸ್ತ್ರಿಯೇ ಈಗ ಬಾಗಿಲಿಗೆ ಬಂದು ಟೋಪಿ ತೆಗೆದು ಕರೆದ. ನಾನೂ ಹೋಗುತ್ತಿದ್ದೇನೆ. ಮೊದಲ ದಿನ ಪಕ್ಕದ ಮನೆಯ ವರ್ನಾ ಸೇಬಿನ ಕಡುಬು ಮಾಡಿ ತಂದಳು. ಎಲ್ಲರ ಜೊತೆ ನಗುತ್ತಾ ಎರಡು ತುಂಡು ತಿಂದೆ, ಆಮೇಲೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎಲ್ಲೋ ಮಕ್ಕಳು ಸಾಯುತ್ತಿದ್ದರೆ ಮಾತ್ರ ಈ ಊರಿನ ಹೊಟ್ಟೆ ತುಂಬುತ್ತದೆ. ಇಪ್ಪತ್ತೊಂಬತ್ತರಿಂದ ಹತ್ತು ವರ್ಷ ದೇಶಕ್ಕೇ ಕೆಲಸವಿಲ್ಲದಾಗ ಹೀಗೆ ಕರೆಯುವವರು ಯಾರೂ ಇರಲಿಲ್ಲ, ಯುದ್ಧವೂ ಇರಲಿಲ್ಲವಲ್ಲ.

ನಿಮ್ಮಪ್ಪ ಕ್ಷೇಮ. ಅವರ ಎದೆ ಚಳಿಗೆ ಮತ್ತೆ ಗೊರಗುಟ್ಟುತ್ತಿದೆ. ನೀನು ಅಂಬೆಗಾಲಿಡುತ್ತಿದ್ದಾಗ, ತಾವು ಕಾದಿದ್ದ ಮೊದಲ ಮಹಾಯುದ್ಧಕ್ಕೆ ಸರ್ಕಾರ ಕೊಡುತ್ತೇನೆಂದ ಇನಾಮು ಕೇಳಲು ವಾಷಿಂಗ್ಟನ್ನಿಗೆ ಹೋಗಿ, ನಮ್ಮ ಸೈನಿಕರಿಂದಲೇ ಕಣ್ಣುರಿಯ ಹೊಗೆ ಹಾಕಿಸಿಕೊಂಡು ಓಡಿ ಬಂದವರು. "ಫ್ರಾನ್ಸಿನಲ್ಲಿ ಜರ್ಮನರು ವಿಷದ ಹೊಗೆ ಬಿಟ್ಟು ಎದೆ ಸುಟ್ರು, ಇಲ್ಲಿ ನಮ್ಮೋರು ಕಣ್ಣು ಸುಟ್ರು, ಲೆಕ್ಕ ಸರಿಹೋಯ್ತು ಬಿಡು," ಎಂದು ಈಗಲೂ ನಗುತ್ತಾರೆ. ಅಷ್ಟಾದರೂ ನೀನು ಹೊರಟಾಗ ಬೆನ್ನು ತಟ್ಟಿದರಲ್ಲ, ಆ ಮನುಷ್ಯ ಏನು ಕಲಿತರೋ ನಾ ಕಾಣೆ.

ನಿಮ್ಮಣ್ಣ ಕ್ಲೈಡ್ ಸತ್ತಾಗ, ಮಗ ಸೈನ್ಯದಲ್ಲಿದ್ದಾನೆಂದು ಕಿಟಕಿಗೆ ಕಟ್ಟಿದ್ದ ಬಾವುಟದಲ್ಲಿ ಅವನ ನೀಲಿ ನಕ್ಷತ್ರದ ಮೇಲೆ, ಸತ್ತವರಿಗೆಂದು, ಹೊನ್ನಿನ ಬಣ್ಣದ್ದನ್ನು ಹೊಲಿದವಳು ನಾನು. ಅಂಚಿನಲ್ಲಿ ನೀಲಿ ಚೂರು ಕಾಣುವಂತೆ ಬಿಡಬೇಕು, ಅದು ಪದ್ಧತಿ. ಅಂದಿನಿಂದ ಪ್ರತಿ ಮೇ ತಿಂಗಳು ಮಡಿದ ಸೈನಿಕರ ನೆನಪಿನ ಮೆರವಣಿಗೆಯಲ್ಲಿ ನನಗೆ ಮುಂದಿನ ಸಾಲಿನ ಕುರ್ಚಿ. ಜನ ಎದ್ದು ನಿಂತು ಗೌರವ ಕೊಡುತ್ತಾರೆ, ಎದ್ದು ಓಡಿಹೋಗೋಣ ಅನ್ನಿಸುತ್ತದೆ ನನಗೆ. ನಿನ್ನ ಹೆಸರಿಗೆ ಹೊಸ ನೀಲಿ ನಕ್ಷತ್ರದ ಬಾವುಟ ಬಂದಿದೆ. ಇಸ್ತ್ರಿ ಆಗಿಲ್ಲ ಎಂದು ನಿಮ್ಮಪ್ಪನಿಗೆ ಸುಳ್ಳು ಹೇಳಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಹೊಟ್ಟೆತುಂಬ ತಿನ್ನು, ಎದೆ ಬೆಚ್ಚಗಿಟ್ಟುಕೋ. ದೇವರು ನಿನ್ನನ್ನು ಕಾಯಲಿ, ಆತನಿಗೆ ಪುರುಸೊತ್ತಿಲ್ಲದಿದ್ದರೆ ನಾನಿದ್ದೇನೆ.

ನಿನ್ನ ಅಮ್ಮ,
ಲವೀನಾ

ತಾ.ಕ.: ಜೊತೆಗಿರುವ ಹಳದಿ ಕಾಗದಕ್ಕೆ ಸಹಿ ಹಾಕಿ ಮರುಟಪಾಲಿಗೇ ಕಳಿಸು. ರಿಯಾಯಿತಿ ಬೇಡ ಎಂದು ನೀನು ಬರೆದುಕೊಟ್ಟದ್ದನ್ನು ವಾಪಸು ಪಡೆಯಬಹುದಂತೆ, ನಿನ್ನನ್ನು ಕಡಲು ದಾಟಿಸುವುದಿಲ್ಲವಂತೆ. ನಿಮ್ಮಪ್ಪನಿಗೆ ಗೊತ್ತಿಲ್ಲ. ಸೈನ್ಯಕ್ಕೆ ಹೆಸರು ಆರಿಸುವ ಕಚೇರಿಯ ಗುಮಾಸ್ತ ಕಾಗದ ಕೊಡುವಾಗ ಒಂದು ಮಾತು ಹೇಳಿದ: "ಊರಿಂದ ಹೋಗೋರ ಸಂಖ್ಯೆ ಕಮ್ಮಿ ಆಗಲ್ಲಮ್ಮ. ನಿಮ್ಮೋನ ಜಾಗಕ್ಕೆ ಇನ್ನೊಬ್ಬ ಹೋಗ್ಬೇಕು." ಪಟ್ಟಿಯಲ್ಲಿ ಮುಂದಿನ ಹೆಸರು ನಮ್ಮ ವರ್ನಾಳ ಮಗ ವೆಂಡಲ್‌ನದು. ಕ್ಲೈಡ್ ಸತ್ತ ತಂತಿ ಬಂದಾಗ ಮೂರು ದಿನ ನನ್ನ ಬಾಯಿಗೆ ಗಂಜಿ ಹಾಕಿದವಳು ಅವಳು. ಇವತ್ತು ಬೆಳಿಗ್ಗೆಯೂ ಪಾಳಿಗೆ ಅವಳ ಜೊತೆಗೇ ನಡೆದುಹೋದೆ, ದಾರಿಯುದ್ದಕ್ಕೂ ವೆಂಡಲ್‌ನ ಮದುವೆಯ ಮಾತು. ಈ ಹಳದಿ ಕಾಗದ ನನ್ನ ಕೈಚೀಲದಲ್ಲಿ ಮಡಚಿಯೇ ಇತ್ತು. ನೀನು ಸಹಿ ಹಾಕು.