ಹಣದುಬ್ಬರ ಇಳಿಯಿತು, ಹೂವಿನ ಮೊಳ ಗಿಡ್ಡವಾಯಿತು

ಬೆಲೆ ಸೂಚ್ಯಂಕದ ಲೆಕ್ಕ ಹಾಕುವ ಮುಖ್ಯಾಧಿಕಾರಿಗಳೇ,

ಹಣದುಬ್ಬರ ಇಳಿದಿದೆ ಎಂದು ತಾವು ಟೀವಿಯಲ್ಲಿ ನಗುನಗುತ್ತಾ ಸಾರಿದ ಮರುದಿನ ಬೆಳಿಗ್ಗೆ ನನ್ನ ಆಟೋದಿಂದ ನಾಲ್ವರು ಹೆಂಗಸರು ಇಳಿದು ನಡೆದರು. ತಮ್ಮ ಮಾತಿನಿಂದ ನಮ್ಮೂರಲ್ಲಿ ನಿಜವಾಗಿ ಇಳಿದದ್ದು ಅವರಷ್ಟೇ. ಅದನ್ನು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರ.

ನಾನು ಬಿ.ಕಾಂ. ಓದಿ ಹೊನ್ನೂರಿಂದ ಯಳಂದೂರಿಗೆ ಆಟೋ ಓಡಿಸುವವನು. ಟೈರು, ಇನ್ಶೂರೆನ್ಸು, ಡೀಸೆಲ್ಲು ಎಲ್ಲವೂ ಮೇಲೇರಿದರೂ ಮೂರು ವರ್ಷ ತಲೆಗೆ ಇಪ್ಪತ್ತು ರೂಪಾಯಿಯಲ್ಲೇ ಎಳೆದೆ. ಕೊನೆಗೆ ಆಗದೆ ಮೂವತ್ತು ಕೇಳಿದೆ. ಕೇಳಿದ್ದು ತಾವು ಟೀವಿಯಲ್ಲಿ ಬಂದ ವಾರವೇ ಆಗಿದ್ದು ನನ್ನ ದುರದೃಷ್ಟ. ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಪುಟ್ಟಮಲ್ಲಮ್ಮ ಹೂ ತುಂಬಿದ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೇಳಿದರು.

"ಏನ್ಲಾ ಕುಮಾರ, ಬೆಲೆ ಇಳಿದದೆ ಅಂತ ಟೀವೀಲಿ ಯೋಳವ್ರೆ. ನೀನ್ಯಾಕ್ಲಾ ಏರುಸ್ದೆ?"

"ಅಕ್ಕ, ಇಳಿದಿರೋದು ಬೆಲೆ ಅಲ್ಲ ಕಣಕ್ಕ. ಏರೋ ಸ್ಪೀಡು."

"ಏರ್ತಾನೇ ಇದ್ರೆ ಇಳಿದದೆ ಅಂತ ಯಾಕ್ ಯೋಳ್ತಾರ್ಲಾ? ಓದ್ದೋರೆಲ್ಲ ಸೇರ್ಕಂಡು ನಮ್ ತಲೆ ಬೋಳುಸ್ತೀರಿ."

ಮಂಕರಿ ತಲೆಗೇರಿತು. ಅವರ ಹಿಂದೆ ಇನ್ನೂ ಮೂವರು ನಡೆದರು. ಹೆಂಗಸರಿಗೆ ಬಸ್ಸು ಉಚಿತ, ಸರಿ. ಆದರೆ ನಮ್ಮ ಕಡೆ ಆ ಬಸ್ಸು ಬರುವುದು ಬಿಸಿಲೇರಿ ಹೂ ಬಾಡುವ ಹೊತ್ತಿಗೆ.

ಮಾನ್ಯರೇ, ಅವರು ಕೇಳಿದ ಪ್ರಶ್ನೆಗೆ ನನ್ನ ಬಿ.ಕಾಂ.ನಲ್ಲಿ ಉತ್ತರವಿರಲಿಲ್ಲ. ತಮ್ಮಲ್ಲಿದೆಯೇ? ವರ್ಷಕ್ಕೆ ನೂರಕ್ಕೆ ಆರು ಎಂದರೆ ಕೇಳಲು ಎಷ್ಟು ಸೌಮ್ಯ! ಹತ್ತು ವರ್ಷಕ್ಕೆ ಅದು ಅರವತ್ತಲ್ಲ. ಏರಿದ್ದರ ಮೇಲೆ ಮತ್ತೆ ಏರಿ ಎಂಬತ್ತರ ಹತ್ತಿರ ಬಂದು ನಿಲ್ಲುತ್ತದೆ. ಮರುವರ್ಷ ಆರು ನಾಲ್ಕಾದರೆ ತಾವು ಹಬ್ಬ ಮಾಡುತ್ತೀರಿ. ಹಿಂದೆ ಏರಿದ್ದು ಯಾರ ಹೆಗಲಿಂದ ಇಳಿಯಿತು? ಜ್ವರ ಏರುವುದು ನಿಧಾನವಾಯಿತೆಂದು ರೋಗಿಯನ್ನು ಮನೆಗೆ ಕಳಿಸುವ ಡಾಕ್ಟರನ್ನು ತಾವು ಕಂಡಿದ್ದೀರಾ?

ಅದಾದ ಮುಂದಿನ ಶುಕ್ರವಾರ ನನ್ನ ಹೆಂಡತಿ ಕೋಮಲ ಯಳಂದೂರಿಂದ ಕನಕಾಂಬರ ತಂದಳು. ದೇವರ ಪಟಕ್ಕೆ ಹಾಕಲು ಹೋದರೆ ಒಂದು ಕಡೆ ಎಟುಕಲಿಲ್ಲ. ಎರಡು ಮೊಳ ಕೊಂಡಿದ್ದಳು. ನನ್ನ ಕೈಯಲ್ಲಿ ಅಳೆದರೆ ಒಂದೂವರೆಯೂ ಇರಲಿಲ್ಲ. ಮಾರಿದ್ದು ಪುಟ್ಟಮಲ್ಲಮ್ಮ. ನನಗೆ ಮೈ ಉರಿಯಿತು. ಹತ್ತು ರೂಪಾಯಿಗೆ ನನ್ನ ಮಾನ ಕಳೆದವರು ಮೊಳದಲ್ಲೇ ಕದಿಯುತ್ತಾರಲ್ಲ! ಹೂವನ್ನು ಹಿಡಿದುಕೊಂಡೇ ಬಸ್‌ಸ್ಟ್ಯಾಂಡಿಗೆ ಹೋಗಿ, ಗಿರಾಕಿಗಳ ಮುಂದೆಯೇ ಕೂಗಾಡಿದೆ.

"ಇದು ಮೊಳ ಏನಕ್ಕ? ಇಂಥ ಮೋಸ ಮಾಡೋಕೆ ನಾಚ್ಕೆ ಆಗಲ್ವಾ?"

ಅವರು ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟು ತೋಳು ಚಾಚಿ, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಮುಟ್ಟಿ ತೋರಿಸಿದರು.

"ನೋಡ್ಲಾ. ಮೊದ್ಲು ಮೊಣಕೈಯಿಂದ ಅಳೀತಿದ್ದೆ, ಈಗ ಇಲ್ಲಿಂದ ಅಳೀತೀನಿ. ಬೆಲೆ ಏರುಸಿದ್ರೆ ಗಿರಾಕಿ ಮುಂದ್ಕೆ ಓಯ್ತಾರೆ. ಹೂ ಬಾಡೋಗ್ತದೆ. ನಾನೇನ್ ಮಾಡ್ಲಿ? ನೀನೇನ್ ಸಾಚಾನ್ಲಾ? ಆರ್ ಜನ ಕುಂತ್ಕೊಳೋ ಕಡೆ ಒಂಬತ್ ಜನುನ್ನ ತುರುಕ್ತಿದ್ದೆ. ನನ್ ಮಂಕ್ರಿ ಅಪ್ಪಚ್ಚಿ ಆದಾಗ ನಾನೇನಾರ ಕೂಗಾಡಿದ್ನಾ?"

ಸುತ್ತ ನಿಂತವರು ನಕ್ಕರು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೂ ಎತ್ತಿಕೊಂಡರು.

ನಾನು ಚಾರ್ಜು ಏರಿಸುವ ಮೊದಲು ತಮ್ಮ ಸಿಬ್ಬಂದಿ ಅಲ್ಲಿಗೆ ಬಂದಿದ್ದರೆ ಏನು ಬರೆದುಕೊಳ್ಳುತ್ತಿದ್ದರು? ಹೂವು ಮೊಳಕ್ಕೆ ಅದೇ ಬೆಲೆ, ಏರಿಕೆ ಇಲ್ಲ. ಆಟೋ ಮೂರು ವರ್ಷ ಅದೇ ಇಪ್ಪತ್ತು, ಏರಿಕೆ ಇಲ್ಲ. ಮೊಳ ಯಾರ ಕೈಯದು, ಸೀಟಿನಲ್ಲಿ ಯಾರ ತೊಡೆಯ ಮೇಲೆ ಯಾರು ಕೂತಿದ್ದರು ಎಂದು ಕೇಳುತ್ತಿದ್ದರೇ? ಏರದ ಬೆಲೆಯ ಏರಿಕೆಯನ್ನು ನಾವು ಹೀಗೆ ಮೈಯಲ್ಲೇ ನುಂಗಿ, ಕೊನೆಗೆ ಒಬ್ಬರನ್ನೊಬ್ಬರು ಕಳ್ಳರೆಂದು ಬೈದುಕೊಂಡೆವು. ತಮ್ಮ ಲೆಕ್ಕಕ್ಕೆ ಇದರಿಂದ ಒಂದು ಗೀರೂ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ದಾರಿಯಲ್ಲಿ ಅವರು ನಡೆದು ಹೋಗುತ್ತಿದ್ದರು. ಆಟೋ ನಿಲ್ಲಿಸಿ, "ಇಪ್ಪತ್ತೈದು ಕೊಡಕ್ಕ, ಏಳೇ ಜನ ಕೂರುಸ್ತೀನಿ" ಎಂದೆ. ಹತ್ತಿದರು. ಉಳಿದ ಮೂವರೂ ಬಂದರು. ನನಗೆ ಇಪ್ಪತ್ತೈದು ಸಾಲುತ್ತಿಲ್ಲ, ಅವರಿಗೆ ಅದು ಹೊರೆ. ಅಷ್ಟರ ಮಟ್ಟಿಗೆ ನ್ಯಾಯ ಸಮಸಮ. ಆದರೆ ಮೊದಲೆಲ್ಲ ಇಳಿಯುವಾಗ ಪುಟ್ಟಮಲ್ಲಮ್ಮ ನನ್ನ ಕನ್ನಡಿಗೆ ಒಂದು ತುಂಡು ಹೂ ಸಿಕ್ಕಿಸಿ ಹೋಗುತ್ತಿದ್ದರು. ಈಗ ಚಿಲ್ಲರೆ ಎಣಿಸಿ ಕೊಟ್ಟು ಸುಮ್ಮನೆ ಇಳಿಯುತ್ತಾರೆ. ಕೇಳಲು ನನಗೆ ಮುಖವಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಇನ್ನು ಮುಂದೆ 'ಇಳಿದಿದೆ' ಎನ್ನುವಾಗ, ಅದೇ ಉಸಿರಿನಲ್ಲಿ 'ಬೆಲೆ ಇಳಿದಿಲ್ಲ' ಎಂದೂ ಹೇಳಿ. ಹತ್ತು ವರ್ಷದ ಹಿಂದೆ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನು ಇಂದು ಎಷ್ಟಕ್ಕೆ ಬರುತ್ತದೆಂದು ಜನರ ಕನ್ನಡದಲ್ಲಿ ಬಿಡಿಸಿ ಹೇಳಿ. ಹೇಳುವುದಕ್ಕೆ ಟೀವಿ ಬೇಡ. ಹೊನ್ನೂರಿಗೆ ಬನ್ನಿ, ಬೆಳಗಿನ ಟ್ರಿಪ್ಪಿನಲ್ಲಿ ಆ ನಾಲ್ವರ ನಡುವೆ ಕೂತು ಹೇಳಿ. ಯಳಂದೂರು ಬರುವಷ್ಟರಲ್ಲಿ ಅವರಿಗೆ ಅರ್ಥವಾಗದಿದ್ದರೆ ಇಳಿಯಲು ಬಿಡುವುದಿಲ್ಲ. ಚಾರ್ಜು ತಮಗೂ ಇಪ್ಪತ್ತೈದೇ.

ಇಂತಿ,
ತಮ್ಮ ಸರಾಸರಿಯಲ್ಲಿ ನಾನೆಲ್ಲಿದ್ದೇನೆಂದು ಇನ್ನೂ ಹುಡುಕುತ್ತಿರುವ
ಕುಮಾರಸ್ವಾಮಿ, ಬಿ.ಕಾಂ.
ಆಟೋ ಚಾಲಕ, ಹೊನ್ನೂರು